ಗೋಡೆಯಿಲ್ಲದ ಕೋಟೆಗಳು, ಸೌದೆಗೆ ಹೋದ ಸೈನಿಕರು

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಒಮಾಹಾ ನಗರಕ್ಕೆ ಹೋಗಿದ್ದಾಗ ಕಾರಿನಲ್ಲಿ ವಯೋಮಿಂಗ್‌ವರೆಗೆ ಹೋಗಿ ಫೋರ್ಟ್ ಲಾರಮಿ ನೋಡಿ ಬಂದೆವು. ಕೋಟೆ ಎಂದುಕೊಂಡು ಹೋದರೆ ಅಲ್ಲಿ ಗೋಡೆಯೂ ಇಲ್ಲ, ಬುರುಜೂ ಇಲ್ಲ. ದೊಡ್ಡ ಮೈದಾನ, ಸುತ್ತ ಕೆಲವು ಕಟ್ಟಡಗಳು, ಅಷ್ಟೇ. ಇದು 'ಡಿಪಾರ್ಟ್‌ಮೆಂಟ್ ಆಫ್ ದ ಪ್ಲಾಟ್' ಎಂಬ ಸೇನಾ ಇಲಾಖೆಗೆ ಸೇರಿತ್ತು ಎಂದು ಮಗಳು ಹೇಳಿದಳು. ಇದು ಎಂಥ ಇಲಾಖೆ? ಗೋಡೆಯಿಲ್ಲದ ಕೋಟೆಯಿಂದ ಏನನ್ನು ಕಾಯುತ್ತಿದ್ದರು? ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ್ದನ್ನು ಯಾಕೆ ಬಿಟ್ಟುಹೋದರು? (ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ)

ಉತ್ತರ: ಮೊದಲು 'ಇಲಾಖೆ'ಯ ಗೊಂದಲ ಬಗೆಹರಿಸಿಬಿಡುತ್ತೇನೆ. ಇಲಾಖೆ ಎಂದರೆ ನಮಗೆ ಕಣ್ಣಮುಂದೆ ಬರುವುದು ಮೇಜು, ಕಡತ ಮತ್ತು 'ನಾಳೆ ಬನ್ನಿ' ಎನ್ನುವ ಗುಮಾಸ್ತ. ಆದರೆ ಧಾರವಾಡದ ಹಳಬರು 'ನಮ್ಮದು ಮುಂಬಯಿ ಇಲಾಖೆ' ಎನ್ನುತ್ತಿದ್ದಾಗ ಅವರ ಮನಸ್ಸಿನಲ್ಲಿದ್ದದ್ದು ಕಚೇರಿಯಲ್ಲ, ಸೀಮೆ. ಉರ್ದುವಿನ 'ಇಲಾಕಾ' ಪದಕ್ಕೆ ಇವತ್ತಿಗೂ ಅದೇ ಅರ್ಥ. ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಸೇನೆಯ ಡಿಪಾರ್ಟ್‌ಮೆಂಟ್ ಈ ಹಳೆಯ ಅರ್ಥದ ಇಲಾಖೆ. ಭೂಪಟದ ಮೇಲೆ ಗೆರೆ ಎಳೆದು, ಈ ಗೆರೆಯೊಳಗಿನ ಎಲ್ಲ ಠಾಣೆಗಳೂ ಎಲ್ಲ ಸೈನಿಕರೂ ಇಂಥ ಜನರಲ್‌ನ ಕೈಕೆಳಗೆ ಎಂದು ಆದೇಶ ಹೊರಡಿಸುತ್ತಿದ್ದರು. ಹಲವು ಡಿಪಾರ್ಟ್‌ಮೆಂಟ್‌ಗಳು ಸೇರಿದರೆ ಒಂದು ಡಿವಿಷನ್. ಡಿಪಾರ್ಟ್‌ಮೆಂಟ್‌ನೊಳಗೆ ಬೇಕಾದರೆ ಡಿಸ್ಟ್ರಿಕ್ಟ್‌ಗಳು, ಅವುಗಳ ಕೆಳಗೆ ಠಾಣೆಗಳು.

ಪ್ಲಾಟ್ ಇಲಾಖೆ ಹುಟ್ಟಿದ್ದು 1866ರ ಮಾರ್ಚ್‌ನಲ್ಲಿ. ಅಂತರ್ಯುದ್ಧ ಮುಗಿದು ಇನ್ನೂ ಒಂದು ವರ್ಷವಾಗಿರಲಿಲ್ಲ. ಮಿಸಿಸಿಪಿಯ ಪಶ್ಚಿಮದ ಬಯಲುಸೀಮೆಯೆಲ್ಲ ಸೇಂಟ್ ಲೂಯಿಯಲ್ಲಿ ಕುಳಿತಿದ್ದ ಜನರಲ್ ಶರ್ಮನ್‌ನ ಡಿವಿಷನ್‌ಗೆ ಸೇರಿತ್ತು. ಅದರಲ್ಲಿ ಅಯೋವಾ, ನೆಬ್ರಾಸ್ಕ, ಯೂಟಾ, ಜೊತೆಗೆ ಡಕೋಟ ಮತ್ತು ಮೊಂಟಾನ ಪ್ರಾಂತ್ಯಗಳ ತುಣುಕುಗಳನ್ನು ಕತ್ತರಿಸಿ ಈ ಹೊಸ ಇಲಾಖೆ ಮಾಡಿದರು. ವಯೋಮಿಂಗ್ ಎಂಬ ಹೆಸರಿನ ಪ್ರಾಂತ್ಯವೇ ಆಗ ಇರಲಿಲ್ಲ. ಅದು ಆದದ್ದು 1868ರಲ್ಲಿ. ಕೇಂದ್ರ ಕಚೇರಿ ನಿಮ್ಮ ಮಗಳ ಊರಾದ ಒಮಾಹಾದಲ್ಲಿ. ಮೊದಲ ಕಮಾಂಡರ್ ಫಿಲಿಪ್ ಸೇಂಟ್ ಜಾರ್ಜ್ ಕುಕ್, ಹಳೆಯ ಅಶ್ವದಳದ ಮನುಷ್ಯ. ದಕ್ಷಿಣದ ವರ್ಜೀನಿಯದವನಾದರೂ ಅಂತರ್ಯುದ್ಧದಲ್ಲಿ ಉತ್ತರದ ಒಕ್ಕೂಟದ ಪರ ನಿಂತವನು. ಆತನ ಅಳಿಯ ಜೆ.ಇ.ಬಿ. ಸ್ಟುವರ್ಟ್ ಎದುರು ಪಾಳೆಯದ ಅಶ್ವದಳಕ್ಕೆ ನಾಯಕನಾಗಿದ್ದ. ಆ ಮನೆಯ ಹಬ್ಬದೂಟ ಹೇಗಿತ್ತೋ ಎಂದು ನಾನು ಆಗಾಗ ಯೋಚಿಸುವುದುಂಟು.

ಇಲಾಖೆಗೆ ಹೆಸರು ಕೊಟ್ಟದ್ದು ನದಿ. ಪ್ಲಾಟ್ ಎಂದರೆ ಫ್ರೆಂಚರ ಬಾಯಲ್ಲಿ ಚಪ್ಪಟೆ. ನೆಬ್ರಾಸ್ಕ ಎಂಬ ಹೆಸರೂ ಅಲ್ಲಿನ ಓಟೊ ಜನರ ಮಾತಿನಲ್ಲಿ 'ಚಪ್ಪಟೆ ನೀರು' ಎಂದೇ. ಒಂದು ಮೈಲಿ ಅಗಲ, ಒಂದು ಅಂಗುಲ ಆಳ ಎಂದು ವಲಸೆ ಹೋಗುವವರು ಈ ನದಿಯನ್ನು ಗೇಲಿ ಮಾಡುತ್ತಿದ್ದರು. ದೋಣಿ ನಡೆಸಲು ಬಾರದ ನದಿ. ಆದರೆ ಅದರ ದಂಡೆ ಬಂಡಿ ಹೊಡೆಯಲು ಹೇಳಿಮಾಡಿಸಿದ ಹಾದಿ. ಒರೆಗನ್‌ಗೆ ಹೊರಟ ರೈತರು, ಯೂಟಾಕ್ಕೆ ಹೊರಟ ಮಾರ್ಮನ್ ಪಂಥದವರು, ಕ್ಯಾಲಿಫೋರ್ನಿಯದ ಚಿನ್ನಕ್ಕೆ ಹೊರಟವರು, ಕುದುರೆ ಅಂಚೆ, ತಂತಿ, ಕೊನೆಗೆ ರೈಲು, ಎಲ್ಲವೂ ಈ ಕಣಿವೆಯಲ್ಲೇ ಸಾಗಿದವು. ನೆಬ್ರಾಸ್ಕದ ಫೋರ್ಟ್ ಕಾರ್ನಿಯನ್ನು 1848ರಲ್ಲಿ ಕಟ್ಟಿದ್ದೂ ಈ ಬಂಡಿಗಳನ್ನು ನೋಡಿಕೊಳ್ಳಲಿಕ್ಕೇ. ನೀವು ಕೇಳಿದ 'ಏನನ್ನು ಕಾಯುತ್ತಿದ್ದರು' ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಊರನ್ನಲ್ಲ, ಗಡಿಯನ್ನಲ್ಲ, ದಾರಿಯನ್ನು ಕಾಯುತ್ತಿದ್ದರು. ದಾರಿಗೆ ಗೋಡೆ ಕಟ್ಟಲಾಗುತ್ತದೆಯೇ?

ನೀವು ನೋಡಿದ ಫೋರ್ಟ್ ಲಾರಮಿ ಮೊದಲು ಸೇನೆಯದಾಗಿರಲೇ ಇಲ್ಲ. 1834ರಲ್ಲಿ ತುಪ್ಪಳದ ವ್ಯಾಪಾರಿಗಳು ಅಲ್ಲೊಂದು ಮರದ ಕೋಟೆ ಕಟ್ಟಿದರು, 1841ರಲ್ಲಿ ಅದರ ಜಾಗದಲ್ಲಿ ಹಸಿ ಇಟ್ಟಿಗೆಯ ಕೋಟೆ ಬಂತು. ಆ ಕಾಲಕ್ಕೆ ಗೋಡೆ ಇತ್ತು, ಏಕೆಂದರೆ ವ್ಯಾಪಾರಿಗೆ ಕಾಯಬೇಕಾದ ಸರಕಿತ್ತು. 1849ರಲ್ಲಿ ಸೇನೆ ಅದನ್ನು 4,000 ಡಾಲರ್‌ಗೆ ಕೊಂಡಿತು. ಕೊಂಡ ಮೇಲೆ ಗೋಡೆಯೊಳಗೆ ತೂರಿಕೊಳ್ಳದೆ ಪಕ್ಕದ ಬಯಲಿನಲ್ಲಿ ಹೊಸ ಕಟ್ಟಡಗಳನ್ನು ಎಬ್ಬಿಸಿತು. ಹಸಿ ಇಟ್ಟಿಗೆ ಕರಗುತ್ತ ಕುಸಿಯುತ್ತ 1862ರ ಹೊತ್ತಿಗೆ ಹಳೆಯ ಕೋಟೆಯನ್ನು ಕೆಡವಿಯೇ ಬಿಟ್ಟರು. ಎರಡಂತಸ್ತಿನ, ಎರಡೂ ಅಂತಸ್ತಿಗೆ ಜಗಲಿಯಿರುವ ಬಿಳಿಯ ಮನೆಯೊಂದನ್ನು ನೀವು ನೋಡಿರುತ್ತೀರಿ. ಅದು 1849ರಲ್ಲಿ ಶುರುವಾದ ಕಟ್ಟಡ, ವಯೋಮಿಂಗ್‌ನಲ್ಲಿ ಇವತ್ತಿಗೂ ನಿಂತಿರುವ ಕಟ್ಟಡಗಳಲ್ಲೇ ಹಳೆಯದು. ಮದುವೆಯಾಗದ ಅಧಿಕಾರಿಗಳು ಅಲ್ಲಿದ್ದು ಎಬ್ಬಿಸುತ್ತಿದ್ದ ಗದ್ದಲಕ್ಕೆ 'ಓಲ್ಡ್ ಬೆಡ್‌ಲಮ್', ಅಂದರೆ ಹಳೆಯ ಹುಚ್ಚರ ಸಂತೆ, ಎಂಬ ಹೆಸರು ಅಂಟಿಕೊಂಡಿತು.

ನಮ್ಮಲ್ಲಿ ಹೋಲಿಕೆ ಬೇಕೆಂದರೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೆನೆಯಬೇಡಿ, ಬೆಂಗಳೂರಿನ ದಂಡನ್ನು ನೆನೆಯಿರಿ. ನಡುವೆ ಕವಾಯತು ಮೈದಾನ, ಒಂದು ಬದಿಗೆ ಅಧಿಕಾರಿಗಳ ಮನೆಸಾಲು, ಎದುರಿಗೆ ಸಿಪಾಯಿಗಳ ಬ್ಯಾರಕ್, ಆಸ್ಪತ್ರೆ, ಕಾವಲು ಮನೆ, ರೊಟ್ಟಿ ಸುಡುವ ಭಟ್ಟಿ, ಲಾಯ, ಒಬ್ಬ ಅಂಗಡಿಯವ. ಪ್ಲಾಟ್ ಇಲಾಖೆಯ ಹೆಚ್ಚಿನ 'ಫೋರ್ಟ್'ಗಳು ಇದೇ ನಮೂನೆಯವು. ಇನ್ನು ಮುಂದೆ ನಾನು ಕೋಟೆ ಎನ್ನದೆ ಠಾಣೆ ಎಂದೇ ಬರೆಯುತ್ತೇನೆ. ಅಲ್ಲಿನ ಮೂಲನಿವಾಸಿಗಳ ನೂರಾರು ಯೋಧರು ಸೇರಿ ಸುಸಜ್ಜಿತ ಠಾಣೆಯ ಮೇಲೆ ಬೀಳುವುದು ಬಯಲುಸೀಮೆಯ ಯುದ್ಧದ ರೀತಿಯೇ ಆಗಿರಲಿಲ್ಲ. ಒಂಟಿಯಾಗಿ ಸಿಕ್ಕವರನ್ನು, ದನ ಕಾಯುವವರನ್ನು, ಹಿಂದೆ ಬಿದ್ದ ಬಂಡಿಯನ್ನು ಹಿಡಿಯುತ್ತಿದ್ದರು. ಅದಕ್ಕೆ ಗೋಡೆ ಮದ್ದಲ್ಲ.

ಆದರೂ ಈ ಇಲಾಖೆಯಲ್ಲಿ ನಿಜವಾದ ಗೋಡೆ ಕಟ್ಟಿದ ಒಂದು ಠಾಣೆ ಇತ್ತು. ಅದರ ಗತಿ ಏನಾಯಿತೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಇಲಾಖೆಯ ಇತಿಹಾಸವನ್ನು ಯುದ್ಧಗಳ ಪಟ್ಟಿಯಾಗಿ ಓದುವವರು ತುಂಬ ಜನ. ನನಗೆ ಅದು ಸೌದೆ ಮತ್ತು ಹುಲ್ಲಿನ ಇತಿಹಾಸವಾಗಿಯೇ ಕಾಣುತ್ತದೆ.

ಮೊಂಟಾನದಲ್ಲಿ ಚಿನ್ನ ಸಿಕ್ಕಿತ್ತು. ಪ್ಲಾಟ್ ಕಣಿವೆಯಿಂದ ಅಲ್ಲಿಗೆ ಅಡ್ಡದಾರಿಯೆಂದರೆ ಬೋಝ್‌ಮನ್ ಎಂಬಾತ ತೋರಿಸಿದ ಹಾದಿ. ಅದು ಪೌಡರ್ ನದಿಯ ಸೀಮೆಯ ಮೂಲಕ, ಮೂಲನಿವಾಸಿ ಲಕೋಟ ಜನರ ಕೊನೆಯ ಒಳ್ಳೆಯ ಬೇಟೆಯ ನೆಲದ ಮೂಲಕ ಹೋಗುತ್ತಿತ್ತು. 1866ರ ಬೇಸಿಗೆಯಲ್ಲಿ ಆ ದಾರಿ ಬಿಟ್ಟುಕೊಡಿ ಎಂದು ಫೋರ್ಟ್ ಲಾರಮಿಯಲ್ಲಿ ಮಾತುಕತೆ ನಡೆಯುತ್ತಿತ್ತು. ಮಾತು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಆ ದಾರಿಯಲ್ಲಿ ಠಾಣೆ ಕಟ್ಟಲು ಹೊರಟ ಕರ್ನಲ್ ಹೆನ್ರಿ ಕ್ಯಾರಿಂಗ್ಟನ್‌ನ ದಳ, ಸುಮಾರು 700 ಸೈನಿಕರು, ಬಂಡಿಗಳ ಸಾಲು, ಹೆಂಡತಿ ಮಕ್ಕಳು, ಬ್ಯಾಂಡ್ ವಾದ್ಯದವರ ಸಮೇತ ಅಲ್ಲಿಗೇ ಬಂದಿಳಿಯಿತು. ಕೇಳುವ ಮೊದಲೇ ಕಿತ್ತುಕೊಳ್ಳಲು ಬಂದಿದ್ದಾರೆ ಎಂದು ಲಕೋಟ ನಾಯಕ ರೆಡ್ ಕ್ಲೌಡ್ ಸಿಟ್ಟಾಗಿ ಎದ್ದು ಹೋದ. ಯಾರೇ ಆದರೂ ಎದ್ದು ಹೋಗುತ್ತಿದ್ದರು.

ಕ್ಯಾರಿಂಗ್ಟನ್ ಮೂಲತಃ ವಕೀಲ. ಅಂತರ್ಯುದ್ಧವನ್ನು ಆಡಳಿತದ ಕೆಲಸದಲ್ಲೇ ಕಳೆದಿದ್ದ. ಕಾಳಗದಲ್ಲಿ ದಳ ನಡೆಸಿದವನಲ್ಲ. ಆದರೆ ಕಟ್ಟುವುದರಲ್ಲಿ ಅಚ್ಚುಕಟ್ಟು ಮನುಷ್ಯ. ಜುಲೈನಲ್ಲಿ ಬಿಗ್ ಹಾರ್ನ್ ಬೆಟ್ಟಗಳ ಬುಡದಲ್ಲಿ ಫೋರ್ಟ್ ಫಿಲ್ ಕಾರ್ನಿಗೆ ಕೈ ಹಾಕಿದ. ಹನ್ನೊಂದು ಅಡಿ ಉದ್ದದ ಪೈನ್ ದಿಮ್ಮಿಗಳು. ಮೂರು ಅಡಿ ನೆಲದೊಳಗೆ, ಎಂಟು ಅಡಿ ಮೇಲೆ. ಒಂದಕ್ಕೊಂದು ಒತ್ತಿ ಕೂರಲೆಂದು ಅಂಚುಗಳನ್ನು ಕೆತ್ತಿ ಸಮ ಮಾಡಿಸಿದ. ಬೇಲಿಯೊಂದಕ್ಕೇ ನಾಲ್ಕು ಸಾವಿರಕ್ಕೂ ಹೆಚ್ಚು ದಿಮ್ಮಿ ಹಿಡಿಯಿತು. ಠಾಣೆಯ ವಿಸ್ತಾರ ಸುಮಾರು 17 ಎಕರೆ. ದಾರಿಯ ಒಂದು ತುದಿಗೆ ಫೋರ್ಟ್ ರೀನೋ, ಇನ್ನೊಂದು ತುದಿಗೆ ಆಗಸ್ಟ್‌ನಲ್ಲಿ ಕಟ್ಟಿದ ಫೋರ್ಟ್ ಸಿ.ಎಫ್. ಸ್ಮಿತ್, ನಡುವೆ ಇದು.

ಗೋಡೆಯೇನೋ ಎದ್ದಿತು. ಆದರೆ ಮರ ಇದ್ದದ್ದು ಸುಮಾರು ಐದು ಮೈಲಿ ದೂರದಲ್ಲಿ. ಬೇಲಿಗೆ ಮರ, ಬ್ಯಾರಕ್‌ಗೆ ಮರ, ಮೈಕೊರೆಯುವ ಚಳಿಗಾಲಕ್ಕೆ ಸೌದೆ. ದಿನವೂ ಬೆಳಗ್ಗೆ ಬಂಡಿಗಳ ಸಾಲು ಕಾಡಿಗೆ ಹೋಗಬೇಕು, ಜೊತೆಗೆ ಕಾವಲು ಹೋಗಬೇಕು. ಎದುರಿಗೆ ಗುಡ್ಡದ ಮೇಲೆ ನಿಂತ ಕಾವಲುಗಾರ ಬಾವುಟ ಬೀಸಿದರೆ ಸೌದೆ ಬಂಡಿಗೆ ಆಪತ್ತು ಎಂದು ಅರ್ಥ. ಲಕೋಟ, ಶೈಯೆನ್, ಅರಪಾಹೊ ಯೋಧರು ಗೋಡೆಯ ತಂಟೆಗೇ ಬರಲಿಲ್ಲ. ಗೋಡೆಯೊಳಗಿನವರು ಸೌದೆಗೆ ಹೊರಗೆ ಬರಲೇಬೇಕು ಎಂದು ಅವರಿಗೆ ಗೊತ್ತಿತ್ತು. ಹಸಿವಿಗೆ ಕೋಟೆಯೊಳಗೆ ದಾಸ್ತಾನು ಇಡಬಹುದು, ಚಳಿಗೆ ಎಷ್ಟು ದಿನದ ದಾಸ್ತಾನು ಇಡುತ್ತೀರಿ?

1866ರ ಡಿಸೆಂಬರ್ 21ರ ಬೆಳಗ್ಗೆ ಮತ್ತೆ ಬಾವುಟ ಬೀಸಿತು. ಬಂಡಿಗಳನ್ನು ಬಿಡಿಸಲು ಕ್ಯಾಪ್ಟನ್ ವಿಲಿಯಂ ಫೆಟರ್‌ಮನ್ ಹೊರಟ. ಲಾಡ್ಜ್ ಟ್ರೇಲ್ ಎಂಬ ದಿಣ್ಣೆ ದಾಟಬೇಡ ಎಂದು ಅಪ್ಪಣೆಯಾಗಿತ್ತು ಎಂಬುದು ಕ್ಯಾರಿಂಗ್ಟನ್‌ನ ಮಾತು. ಕೆಲವು ಯೋಧರು ಓಡಿದಂತೆ ನಟಿಸುತ್ತ ಆಸೆ ತೋರಿಸಿ ಮುಂದೆ ಸಾಗಿದರು. ಅವರಲ್ಲಿ ಮುಂದೆ ದೊಡ್ಡ ಯುದ್ಧನಾಯಕನಾದ ತರುಣ ಕ್ರೇಜಿ ಹಾರ್ಸ್ ಇದ್ದನೆಂದು ಲಕೋಟ ಜನ ಹೇಳುತ್ತ ಬಂದಿದ್ದಾರೆ. ಫೆಟರ್‌ಮನ್ ದಿಣ್ಣೆ ದಾಟಿದ. ಆ ಕಡೆಯ ಇಳಿಜಾರಿನಲ್ಲಿ ಅಡಗಿದ್ದವರು ಸಾವಿರಕ್ಕೂ ಹೆಚ್ಚು. ಕಾಲಾಳುಗಳ ಕೈಯಲ್ಲಿದ್ದದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿ. ಸ್ವಲ್ಪ ಹೊತ್ತಿನಲ್ಲೇ ಸದ್ದಡಗಿತು. 79 ಸೈನಿಕರು, ಇಬ್ಬರು ನಾಗರಿಕರು, ಒಟ್ಟು 81 ಜನ ಸತ್ತರು. 'ಎಂಬತ್ತು ಜನರನ್ನು ಕೊಡಿ, ಇಡೀ ಸೂ (ಲಕೋಟರಿಗೆ ಹೊರಗಿನವರಿಟ್ಟ ಹೆಸರು) ಜನಾಂಗದ ನಡುವೆ ಕುದುರೆ ಓಡಿಸುತ್ತೇನೆ' ಎಂದು ಫೆಟರ್‌ಮನ್ ಜಂಬ ಕೊಚ್ಚಿದ್ದ ಎಂಬ ಮಾತನ್ನು ನೀವು ಎಲ್ಲ ಕಡೆ ಓದುತ್ತೀರಿ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ನೋಡಿ! ಅಷ್ಟು ಚೆನ್ನಾಗಿ ಕೂಡಿಬರುವ ಮಾತುಗಳು ಸಾಮಾನ್ಯವಾಗಿ ಆಮೇಲೆ ಹುಟ್ಟಿದವು. ಸತ್ತವನ ತಲೆಗೆ ತಪ್ಪು ಕಟ್ಟುವುದು ಸುಲಭ.

ಅವತ್ತಿನ ಸೌದೆ ಬಂಡಿಗಳಿಗೆ ಮಾತ್ರ ಏನೂ ಆಗಲಿಲ್ಲ.

ಆ ರಾತ್ರಿ ಠಾಣೆಯ ಮೇಲೆ ದಾಳಿಯಾಗುತ್ತದೆ ಎಂದೇ ಎಲ್ಲರೂ ನಂಬಿದ್ದರು. ಠಾಣೆ ಕೈತಪ್ಪಿದರೆ ಹೆಂಗಸರು ಮಕ್ಕಳನ್ನು ಮದ್ದಿನ ಮನೆಯೊಳಗೆ ಕೂರಿಸಿ ಸ್ಫೋಟಿಸಿಬಿಡುವ ಏರ್ಪಾಡನ್ನೂ ಕ್ಯಾರಿಂಗ್ಟನ್ ಮಾಡಿಟ್ಟಿದ್ದ. ದಾಳಿಯಾಗಲಿಲ್ಲ, ಹಿಮ ಬಿತ್ತು. ಗಾಳಿಗೆ ಹಿಮ ಬಂದು ಬೇಲಿಯ ಹೊರಗೆ ಒಟ್ಟಿ ಒಟ್ಟಿ, ಯಾರು ಬೇಕಾದರೂ ನಡೆದುಕೊಂಡೇ ಗೋಡೆ ಹತ್ತಿ ಒಳಗಿಳಿಯುವಷ್ಟು ಎತ್ತರವಾಯಿತು. ಸೈನಿಕರು ಸರದಿಯ ಮೇಲೆ ಗುದ್ದಲಿ ಸಲಿಕೆ ಹಿಡಿದು ಹಿಮ ತೋಡಿದರು. ಅಷ್ಟು ಕೆತ್ತಿ ಕೂರಿಸಿದ ದಿಮ್ಮಿಗಳು, ಅಷ್ಟು ಜೀವ ತೆತ್ತ ಗೋಡೆ, ಒಂದು ಬಿರುಗಾಳಿಗೆ ಮೆಟ್ಟಿಲಾಯಿತು.

ಸುದ್ದಿ ಹೊರಗೆ ಹೋಗಬೇಕಲ್ಲ? ಈ ಠಾಣೆಗೆ ತಂತಿ ಇರಲಿಲ್ಲ. ಜಾನ್ ಫಿಲಿಪ್ಸ್ ಎಂಬಾತ ಕುದುರೆಯೇರಿ ಹೊರಟ. ಎಲ್ಲರೂ ಕರೆಯುತ್ತಿದ್ದದ್ದು ಪೋರ್ಚುಗೀ ಫಿಲಿಪ್ಸ್ ಎಂದು. ಹುಟ್ಟಿದ್ದು ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳಲ್ಲಿ. ಫೋರ್ಟ್ ಲಾರಮಿಗೆ 236 ಮೈಲಿ. ಕ್ರಿಸ್ಮಸ್ ರಾತ್ರಿ ಓಲ್ಡ್ ಬೆಡ್‌ಲಮ್‌ನಲ್ಲಿ ಕುಣಿತದ ಕೂಟ ನಡೆಯುತ್ತಿದ್ದಾಗ ಹಿಮ ಹೊದ್ದ ಈತ ಬಾಗಿಲಲ್ಲಿ ಬಂದು ನಿಂತ ಎಂಬುದು ವಯೋಮಿಂಗ್‌ನ ಮಕ್ಕಳೆಲ್ಲ ಕೇಳುವ ಕಥೆ. ಒಂಟಿ ಸವಾರ ಎಂಬುದನ್ನು ಸ್ವಲ್ಪ ಉಪ್ಪುಖಾರ ತೆಗೆದು ಕೇಳಬೇಕು: ದಾರಿಯಲ್ಲಿ ಆತನಿಗೆ ಜೊತೆಗಾರರಿದ್ದರು, ದಾರಿಯ ಹಾರ್ಸ್‌ಶೂ ನಿಲ್ದಾಣದಿಂದಲೇ ಮೊದಲ ತಂತಿ ಹೋಗಿತ್ತು. ಹಾಗಿದ್ದೂ ಆ ಚಳಿಯಲ್ಲಿ ನಾಲ್ಕು ದಿನದ ಆ ಸವಾರಿ ಸಾಮಾನ್ಯದ್ದಲ್ಲ.

ಒಮಾಹಾದಲ್ಲಿ ಕುಳಿತ ಕುಕ್ ಮಹಾಶಯ ತಿಂಗಳುಗಟ್ಟಲೆ ಕ್ಯಾರಿಂಗ್ಟನ್‌ಗೆ 'ಶತ್ರುವಿನ ಮೇಲೆ ಬೀಳು' ಎಂದು ಬರೆಯುತ್ತಿದ್ದ; ಬೀಳಲು ಬೇಕಾದಷ್ಟು ಜನ ಮತ್ತು ಮದ್ದುಗುಂಡು ಮಾತ್ರ ಕಳಿಸಿರಲಿಲ್ಲ. ಕ್ಯಾರಿಂಗ್ಟನ್‌ನನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ಆದರೆ 1867ರ ಜನವರಿಯಲ್ಲಿ ಕುಕ್‌ನ ಕುರ್ಚಿಯೂ ಹೋಯಿತು, ಕ್ರಿಸ್ಟೋಫರ್ ಆಗರ್ ಇಲಾಖೆಯ ಕಮಾಂಡರ್ ಆದ. ಮೇಲಿನವರು ಕೆಳಗಿನವರ ಜೊತೆ ಶಿಕ್ಷೆ ಹಂಚಿಕೊಂಡ ಅಪರೂಪದ ಪ್ರಸಂಗ ಎಂದು ಇದನ್ನು ಗುರುತಿಸಿಡಬಹುದು.

ಮುಂದಿನ ವರ್ಷ ಏನಾಯಿತು ನೋಡಿ. 1867ರ ಆಗಸ್ಟ್ 1ರಂದು ಫೋರ್ಟ್ ಸಿ.ಎಫ್. ಸ್ಮಿತ್ ಬಳಿ ದಾಳಿಯಾಯಿತು. ಸಿಕ್ಕಿಕೊಂಡವರು ಹುಲ್ಲು ಕೊಯ್ಯಲು ಹೋದವರು ಮತ್ತು ಅವರ ಕಾವಲಿನವರು. ಆಗಸ್ಟ್ 2ರಂದು ಫೋರ್ಟ್ ಫಿಲ್ ಕಾರ್ನಿಯ ಬಳಿ ದಾಳಿಯಾಯಿತು. ಸಿಕ್ಕಿಕೊಂಡವರು ಮರ ಕಡಿಯಲು ಹೋದವರು ಮತ್ತು ಅವರ ಕಾವಲಿನವರು. ಎರಡನೆಯದನ್ನು 'ಬಂಡಿಪೆಟ್ಟಿಗೆ ಕಾಳಗ' ಎನ್ನುತ್ತಾರೆ. ಉದ್ದ ದಿಮ್ಮಿ ಸಾಗಿಸಬೇಕಾದರೆ ಬಂಡಿಯ ಮೇಲಿನ ಪೆಟ್ಟಿಗೆಯನ್ನು ಎತ್ತಿ ಕೆಳಗಿಟ್ಟು ಬರೀ ಗಾಲಿ, ಅಚ್ಚುಗಳ ಮೇಲೆ ಹೇರಬೇಕು. ಹಾಗೆ ಇಳಿಸಿಟ್ಟ ಹದಿನಾಲ್ಕು ಪೆಟ್ಟಿಗೆಗಳನ್ನು ಸುತ್ತ ಜೋಡಿಸಿ ರಾತ್ರಿ ಹೇಸರಗತ್ತೆಗಳನ್ನು ಕೂಡುವ ದೊಡ್ಡಿ ಮಾಡಿಕೊಂಡಿದ್ದರು. ಆ ದೊಡ್ಡಿಯೊಳಗೆ ಸೇರಿಕೊಂಡ ಮೂವತ್ತೆರಡು ಜನ ಕ್ಯಾಪ್ಟನ್ ಜೇಮ್ಸ್ ಪವೆಲ್‌ನ ಕೈಕೆಳಗೆ ಗಂಟೆಗಟ್ಟಲೆ ತಡೆದು ನಿಂತರು. ಅವರ ಕೈಗೆ ಆಗಷ್ಟೇ ಹಿಂದಿನಿಂದ ಗುಂಡು ತುಂಬುವ ಹೊಸ ಸ್ಪ್ರಿಂಗ್‌ಫೀಲ್ಡ್ ಬಂದೂಕು ಬಂದಿತ್ತು. ಮೊದಲಿನಂತೆ ಒಂದು ಸುತ್ತು ಹಾರಿಸಿ ಮತ್ತೆ ತುಂಬಿಕೊಳ್ಳುವ ಬಿಡುವಿನಲ್ಲಿ ಮೇಲೆ ಬೀಳೋಣ ಎಂದು ಬಂದ ಯೋಧರಿಗೆ ಆ ಬಿಡುವೇ ಸಿಗಲಿಲ್ಲ. ಎಂಟು ಅಡಿಯ ಗೋಡೆ ಮಾಡದ ಕೆಲಸವನ್ನು ಸೊಂಟದೆತ್ತರದ ಮರದ ಪೆಟ್ಟಿಗೆಗಳು ಮಾಡಿದವು.

ಹುಲ್ಲಿನ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಿಬಿಡುತ್ತೇನೆ, ಬ್ಯಾಂಕಿನವರಿಗೆ ಇಷ್ಟವಾದೀತು. ಸೇನೆಯ ನಿಯಮದಂತೆ ಒಂದು ಕುದುರೆಗೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು. ನೂರು ಕುದುರೆಗಳ ಠಾಣೆಗೆ ದಿನಕ್ಕೆ 2,600 ಪೌಂಡ್; ತಿಂಗಳಿಗೆ 78,000 ಪೌಂಡ್. ಹುಲ್ಲನ್ನು ಸುತ್ತಮುತ್ತ ಕೊಯ್ಯಬಹುದು, ಕಾಳನ್ನು ನೂರಾರು ಮೈಲಿಯಿಂದ ಹೇಸರಗತ್ತೆ, ಎತ್ತಿನ ಬಂಡಿಗಳಲ್ಲಿ ತರಬೇಕು. ಆ ಕತ್ತೆ ಎತ್ತುಗಳೂ ಮೇಯಬೇಕು. ಒಮಾಹಾದ ಕೇಂದ್ರ ಕಚೇರಿಯಲ್ಲಿ ಜನರಲ್‌ನ ಸುತ್ತ ಇದ್ದವರ ಕೆಲಸ ಬಹುಪಾಲು ಇದೇ: ಸಾಗಾಣಿಕೆ ಮತ್ತು ಸಾಮಾನಿಗೆ ಒಬ್ಬ, ದಿನಸಿಗೆ ಒಬ್ಬ, ವೈದ್ಯಕ್ಕೆ ಒಬ್ಬ, ಊರೂರು ತಿರುಗಿ ಸಂಬಳ ಬಟವಾಡೆ ಮಾಡುವವರು. ಪ್ರತಿ ಠಾಣೆಯಿಂದ ತಿಂಗಳಿಗೊಂದು ವರದಿ, ಎಷ್ಟು ಜನ, ಎಷ್ಟು ಕಾಯಿಲೆ, ಓಡಿಹೋದವರೆಷ್ಟು, ಎಷ್ಟು ಕುದುರೆ. ನೀವು ಹೇಳುವ ಅರ್ಥದ ಇಲಾಖೆಯೂ, ಮೇಜು ಕಡತಗಳ ಸಮೇತ, ಅಲ್ಲಿ ಇತ್ತು.

ಈಗ ನಿಮ್ಮ ಮೂರನೆಯ ಪ್ರಶ್ನೆ. ಫೋರ್ಟ್ ಫಿಲ್ ಕಾರ್ನಿಯನ್ನು ಬಿಟ್ಟದ್ದು ಸೋತದ್ದಕ್ಕೋ, ಬೇಡವಾದದ್ದಕ್ಕೋ? ಎರಡಕ್ಕೂ. ಯೂನಿಯನ್ ಪೆಸಿಫಿಕ್ ರೈಲು 1867ರ ನವೆಂಬರ್‌ನಲ್ಲಿ ಶೈಯೆನ್ ಊರಿಗೆ ಬಂತು. 1869ರ ಮೇ 10ರಂದು ಯೂಟಾದ ಪ್ರೊಮಂಟರಿಯಲ್ಲಿ ಪಶ್ಚಿಮದಿಂದ ಬಂದ ಹಳಿಗೆ ಕೂಡಿಕೊಂಡಿತು. ರೈಲಿನಲ್ಲಿ ಇನ್ನಷ್ಟು ಪಶ್ಚಿಮಕ್ಕೆ ಹೋಗಿ ಅಲ್ಲಿಂದ ಮೊಂಟಾನಕ್ಕೆ ಏರಬಹುದಾದ ಮೇಲೆ ಬೋಝ್‌ಮನ್ ದಾರಿ ಯಾರಿಗೆ ಬೇಕು? 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಆ ದಾರಿಯ ಮೂರೂ ಠಾಣೆಗಳನ್ನು ಬಿಡಲು ಸರ್ಕಾರ ಒಪ್ಪಿತು. ಸೈನಿಕರು ಹೊರಟುಹೋಗುವ ತನಕ ಸಹಿ ಹಾಕುವುದಿಲ್ಲ ಎಂದು ರೆಡ್ ಕ್ಲೌಡ್ ಕೂತ. ಬೇಸಿಗೆಯಲ್ಲಿ ಅವರು ಹೊರಟರು, ಖಾಲಿ ಠಾಣೆಗಳಿಗೆ ಬೆಂಕಿ ಬಿತ್ತು. ನವೆಂಬರ್‌ನಲ್ಲಿ ಆತ ಬಂದು ಗುರುತು ಹಾಕಿದ. ಜೀವ ತೆತ್ತು ತಂದ ಅಷ್ಟೂ ಮರ ಕೊನೆಗೆ ಒಂದೇ ಸಲಕ್ಕೆ ಉರಿಯಿತು.

ರೈಲು ಬಂದ ಮೇಲೆ ಇಲಾಖೆಯ ಭೂಪಟವೇ ಬದಲಾಯಿತು. ಹಳಿಯ ಉದ್ದಕ್ಕೂ ಠಾಣೆಗಳು ಹುಟ್ಟಿದವು: ಸಿಡ್ನಿ, ಶೈಯೆನ್ ಪಕ್ಕದ ಫೋರ್ಟ್ ಡಿ.ಎ. ರಸೆಲ್, ಸ್ಯಾಂಡರ್ಸ್, ಫ್ರೆಡ್ ಸ್ಟೀಲ್. ರಸೆಲ್‌ನ ಪಕ್ಕದಲ್ಲೇ ದೊಡ್ಡ ದಾಸ್ತಾನು ಮಳಿಗೆ ತೆರೆದು ಉತ್ತರದ ಠಾಣೆಗಳಿಗೆಲ್ಲ ಅಲ್ಲಿಂದ ಸಾಮಾನು ಹೊರಡಿಸಿದರು. ಹಳಿಗೆ ಹತ್ತಿರವಿದ್ದ ಠಾಣೆ ಬದುಕಿತು, ಹಳಿಯಿಂದ ದೂರವಿದ್ದದ್ದು ಸೊರಗಿತು. ಒರೆಗನ್ ದಾರಿಯ ಹಿರಿಯಣ್ಣನಾದ ನೆಬ್ರಾಸ್ಕದ ಫೋರ್ಟ್ ಕಾರ್ನಿಯನ್ನು 1871ರಲ್ಲಿ ಮುಚ್ಚಿದರು.

ದೂರದ ಠಾಣೆ ಹೇಗಿತ್ತೆಂದು ತಿಳಿಯಬೇಕಾದರೆ ಸತ್ತ ಕ್ಯಾಪ್ಟನ್‌ನ ಹೆಸರಿನಲ್ಲೇ 1867ರಲ್ಲಿ ಕಟ್ಟಿದ ಫೋರ್ಟ್ ಫೆಟರ್‌ಮನ್ ನೋಡಬೇಕು. ನಾರ್ತ್ ಪ್ಲಾಟ್ ನದಿಯ ಮೇಲಿನ ಬೋಳು ದಿಬ್ಬ, ಬೀಸುವ ಗಾಳಿಗೆ ತಡೆಯಿಲ್ಲ. ಅಲ್ಲಿಗೆ ವರ್ಗವಾಯಿತೆಂದರೆ ಶಿಕ್ಷೆ ಎಂದೇ ತಿಳಿಯುತ್ತಿದ್ದರು. 1870ರ ದಶಕದಲ್ಲಿ ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 13 ಡಾಲರ್. ಅವರಲ್ಲಿ ಬಹಳ ಮಂದಿ ಐರ್ಲೆಂಡ್, ಜರ್ಮನಿಯಿಂದ ಬಂದ ಬಡವರು. ಉಪ್ಪು ಹಂದಿಮಾಂಸ, ಹುರುಳಿಯಂಥ ಕಾಳು, ಕಲ್ಲಿನಂಥ ಬಿಸ್ಕತ್ತು, ಕಾಫಿ. ಯುದ್ಧ ಅಪರೂಪ; ಸೌದೆ ಒಡೆಯುವುದು, ರಸ್ತೆ ಸಮ ಮಾಡುವುದು, ಇಟ್ಟಿಗೆ ಹಾಕುವುದು ದಿನನಿತ್ಯ. 1867ರಿಂದ 1891ರವರೆಗೆ ಸೇನೆ ಸೇರಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಓಡಿಹೋದರು ಎಂಬ ಒಂದು ಅಂಕಿ ಸಾಕು. ಓಡಿಹೋಗಲು ಗೋಡೆ ಅಡ್ಡವಿರಲಿಲ್ಲ ಎಂಬುದೂ ಗೋಡೆಯಿಲ್ಲದ ಕೋಟೆಯ ಒಂದು ಅನುಕೂಲ.

ಇಲಾಖೆಯ ಗೆರೆ ಎಷ್ಟು ದುಬಾರಿಯಾಗಬಹುದೆಂದು ತೋರಿಸಿದ್ದು 1876. ಲಕೋಟರಿಗೆ ಬಿಟ್ಟುಕೊಟ್ಟಿದ್ದ ಕಪ್ಪು ಬೆಟ್ಟಗಳಲ್ಲಿ (ಬ್ಲ್ಯಾಕ್ ಹಿಲ್ಸ್) ಚಿನ್ನ ಸಿಕ್ಕ ಮೇಲೆ 1868ರ ಒಪ್ಪಂದಕ್ಕೆ ಬೆಲೆ ಉಳಿಯಲಿಲ್ಲ. ಪ್ಲಾಟ್ ಇಲಾಖೆಯ ಜನರಲ್ ಜಾರ್ಜ್ ಕ್ರೂಕ್ ಫೆಟರ್‌ಮನ್ ಠಾಣೆಯಿಂದ ಉತ್ತರಕ್ಕೆ ಹೊರಟ; ಡಕೋಟ ಇಲಾಖೆಯ ಜನರಲ್ ಟೆರಿಯ ದಳ ಪೂರ್ವದಿಂದ ಹೊರಟಿತು, ಅಶ್ವದಳದ ನಾಯಕ ಕಸ್ಟರ್ ಅದರಲ್ಲಿದ್ದ. ಬೇಟೆ ಒಂದೇ, ಬೇಟೆಗಾರರು ಎರಡು ಇಲಾಖೆಯವರು. ಇಬ್ಬರ ನಡುವೆ ನೇರ ಸಂಪರ್ಕವಿಲ್ಲ. ಮಾತೇನಿದ್ದರೂ ಶಿಕಾಗೋದಲ್ಲಿದ್ದ ಜನರಲ್ ಶೆರಿಡನ್‌ನ ಕಚೇರಿಯ ಮೂಲಕ ಸುತ್ತಿಬರಬೇಕು. ಜೂನ್ 17ರಂದು ರೋಸ್‌ಬಡ್ ಹೊಳೆಯ ಬಳಿ ಕ್ರೂಕ್‌ನ ಸಾವಿರಕ್ಕೂ ಹೆಚ್ಚು ಜನರ ದಳವನ್ನು ಲಕೋಟ, ಶೈಯೆನ್ ಯೋಧರು ಗಂಟೆಗಟ್ಟಲೆ ಕಾಡಿ ನಿಲ್ಲಿಸಿದರು. ಆತ ದಕ್ಷಿಣಕ್ಕೆ ಬಿಡಾರಕ್ಕೆ ಹಿಂದಿರುಗಿದ. ಅಲ್ಲಿಂದ ಮೂವತ್ತು ಮೈಲಿಯಷ್ಟು ಆಚೆಗೆ, ಎಂಟು ದಿನಗಳ ನಂತರ, ಲಿಟಲ್ ಬಿಗ್ ಹಾರ್ನ್‌ನಲ್ಲಿ ಕಸ್ಟರ್ ಸತ್ತ. ರೋಸ್‌ಬಡ್ ಸುದ್ದಿ ಆತನಿಗೆ ಸಿಕ್ಕಿರಲೇ ಇಲ್ಲ.

ಸೌದೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ, ತಿರುವುಮುರುವಾಯಿತು. ನೆಬ್ರಾಸ್ಕದ ವಾಯವ್ಯ ಮೂಲೆಯಲ್ಲಿ 1874ರಲ್ಲಿ ಕಟ್ಟಿದ ಕ್ಯಾಂಪ್ ರಾಬಿನ್ಸನ್ ದಾರಿ ಕಾಯುವ ಠಾಣೆಯಲ್ಲ, ಜನರನ್ನು ಕಾಯುವ ಠಾಣೆ. ಪಕ್ಕದಲ್ಲೇ ರೆಡ್ ಕ್ಲೌಡ್‌ನ ಜನರಿಗೆ ಪಡಿತರ ಹಂಚುವ ಕೇಂದ್ರವಿತ್ತು. ಶರಣಾಗಿ ಬಂದ ಕ್ರೇಜಿ ಹಾರ್ಸ್‌ನನ್ನು 1877ರ ಸೆಪ್ಟೆಂಬರ್ 5ರಂದು ಅಲ್ಲಿನ ಕಾವಲು ಮನೆಗೆ ನೂಕುವಾಗ ಸೈನಿಕನೊಬ್ಬನ ಬಯನೆಟ್ ಇರಿಯಿತು. ಆ ರಾತ್ರಿಯೇ ಸತ್ತ. ಮುಂದಿನ ವರ್ಷ ದಕ್ಷಿಣದ ಒಕ್ಲಹೋಮ ಸೀಮೆಯಿಂದ ತಮ್ಮ ನೆಲಕ್ಕೆ ಓಡಿಬಂದ ಡಲ್ ನೈಫ್‌ನ ಶೈಯೆನ್ ಜನ, ಸುಮಾರು 150 ಮಂದಿ, ಹೆಂಗಸರು ಮಕ್ಕಳೇ ಹೆಚ್ಚು, ಅಲ್ಲಿನ ಒಂದು ಬ್ಯಾರಕ್‌ನಲ್ಲಿ ಬಂದಿಯಾದರು. ಮರಳಿ ದಕ್ಷಿಣಕ್ಕೆ ಹೋಗಿ ಎಂದರೆ ಒಲ್ಲೆವು, ಇಲ್ಲೇ ಸಾಯುತ್ತೇವೆ ಎಂದರು. 1879ರ ಜನವರಿ, ಕೊರೆಯುವ ಹಿಮ. ಠಾಣೆಯ ಅಧಿಕಾರಿ ಕ್ಯಾಪ್ಟನ್ ವೆಸೆಲ್ಸ್ ಅವರಿಗೆ ಊಟ ನಿಲ್ಲಿಸಿದ, ಸೌದೆ ನಿಲ್ಲಿಸಿದ, ಆಮೇಲೆ ನೀರನ್ನೂ ನಿಲ್ಲಿಸಿದ. ಜನವರಿ 9ರ ರಾತ್ರಿ ಅವರು ಕಿಟಕಿಗಳನ್ನು ಒಡೆದು ಬೆಳದಿಂಗಳ ಹಿಮಕ್ಕೆ ಹಾರಿದರು. ಎರಡು ವಾರ ಬೆನ್ನಟ್ಟಿ ಅರವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಹನ್ನೆರಡು ವರ್ಷ ಹಿಂದೆ ಇದೇ ಇಲಾಖೆಯ ಸೈನಿಕರು ಸೌದೆಗೆ ಹೊರಟು ಸತ್ತಿದ್ದರು.

ಅದೇ ವರ್ಷ ಅದೇ ಇಲಾಖೆಯ ಹೆಸರು ನ್ಯಾಯಾಲಯದಲ್ಲಿ ಇನ್ನೊಂದು ಕಾರಣಕ್ಕೆ ಉಳಿಯಿತು. ಪೊಂಕಾ ಜನರ ಮುಖ್ಯಸ್ಥ ಸ್ಟ್ಯಾಂಡಿಂಗ್ ಬೇರ್ ಸತ್ತ ಮಗನ ಎಲುಬುಗಳನ್ನು ಹೊತ್ತು, ನಯೋಬ್ರಾರ ನದಿಯ ತಮ್ಮ ಮಣ್ಣಿನಲ್ಲಿ ಹೂಳಬೇಕೆಂದು ಸುಮಾರು ಮೂವತ್ತು ಜನರೊಂದಿಗೆ ದಕ್ಷಿಣದಿಂದ ನಡೆದು ಬಂದ. ಅವರನ್ನು ಹಿಡಿದು ಮರಳಿ ಕಳಿಸಿ ಎಂದು ಕ್ರೂಕ್‌ಗೆ ಆಜ್ಞೆ ಬಂತು. ಕ್ರೂಕ್ ಹಿಡಿಸಿದ, ಫೋರ್ಟ್ ಒಮಾಹಾದಲ್ಲಿ ಇರಿಸಿದ. ಆದರೆ ಮನಸ್ಸು ಒಪ್ಪದೆ ಪತ್ರಕರ್ತ ಥಾಮಸ್ ಟಿಬಲ್ಸ್‌ಗೆ ವಿಷಯ ತಿಳಿಯುವಂತೆ ಮಾಡಿದ. ಟಿಬಲ್ಸ್ ವಕೀಲರನ್ನು ಹುಡುಕಿದ. ಅವರಲ್ಲೊಬ್ಬ, ಆಂಡ್ರ್ಯೂ ಪಾಪಲ್‌ಟನ್, ಯೂನಿಯನ್ ಪೆಸಿಫಿಕ್ ರೈಲಿನ ವಕೀಲ. ದಾವೆಯ ಹೆಸರು 'ಸ್ಟ್ಯಾಂಡಿಂಗ್ ಬೇರ್ ವಿರುದ್ಧ ಕ್ರೂಕ್'. ತನ್ನ ಮೇಲಿನ ದಾವೆಗೆ ತಾನೇ ದಾರಿ ಮಾಡಿಕೊಟ್ಟು, ಸೋತರೆ ಸಾಕು ಎಂದು ಕುಳಿತ ಪ್ರತಿವಾದಿ! 1879ರ ಮೇ 12ರಂದು ನ್ಯಾಯಾಧೀಶ ಎಲ್ಮರ್ ಡಂಡಿ ತೀರ್ಪು ಕೊಟ್ಟ: ಇಂಡಿಯನ್ (ಅಮೆರಿಕದ ಮೂಲನಿವಾಸಿ) ಕೂಡ ಕಾನೂನಿನ ಅರ್ಥದಲ್ಲಿ 'ವ್ಯಕ್ತಿ', ಬಿಟ್ಟುಬಿಡಿ. ಇಲಾಖೆಯ ಗೆಲುವುಗಳೆಲ್ಲ ಮರೆತುಹೋದರೂ ಈ ಸೋಲನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇವತ್ತೂ ಓದುತ್ತಾರೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಫೆಟರ್‌ಮನ್ ಠಾಣೆ 1882ರಲ್ಲಿ, ಫೋರ್ಟ್ ಲಾರಮಿ 1890ರಲ್ಲಿ ಮುಚ್ಚಿದವು. ಲಾರಮಿಯ ಕಟ್ಟಡಗಳನ್ನು ಹರಾಜು ಹಾಕಿದರು. ಬಾಗಿಲು, ಕಿಟಕಿ, ಹಲಗೆಗಳನ್ನು ಸುತ್ತಲಿನ ರೈತರು ಕಿತ್ತು ತಮ್ಮ ಮನೆಗಳಿಗೆ ಸೇರಿಸಿಕೊಂಡರು. 1937ರಲ್ಲಿ ವಯೋಮಿಂಗ್ ರಾಜ್ಯ ಆ ಜಾಗ ಕೊಳ್ಳುವವರೆಗೆ ಉಳಿದದ್ದೇ ನೀವು ನೋಡಿದ್ದು. 1890ರ ಡಿಸೆಂಬರ್‌ನಲ್ಲಿ, ಸೇನೆ ಲಕೋಟರನ್ನು ಕೊಂದ ವುಂಡೆಡ್ ನೀ ಹತ್ಯಾಕಾಂಡದ ಹೊತ್ತಿಗೆ ಪೈನ್ ರಿಜ್‌ನಲ್ಲಿ ಬಂದು ನಿಂತಿದ್ದ ಜನರಲ್ ಬ್ರೂಕ್ ಈ ಇಲಾಖೆಯ ಕಮಾಂಡರ್. 1898ರಲ್ಲಿ ಇಲಾಖೆಯೇ ರದ್ದಾಗಿ ಮಿಸೂರಿ ಇಲಾಖೆಯೊಳಗೆ ಕರಗಿತು.

ಹಳಿಯ ಪಕ್ಕದ ಕೆಲವು ಠಾಣೆಗಳು ಮಾತ್ರ ಸಾಯಲಿಲ್ಲ. ಶೈಯೆನ್ ಬಳಿಯ ಫೋರ್ಟ್ ಡಿ.ಎ. ರಸೆಲ್ ಇವತ್ತು ಎಫ್.ಇ. ವಾರನ್ ವಾಯುನೆಲೆ, ಅಣ್ವಸ್ತ್ರ ಹೊತ್ತ ಮಿನಿಟ್‌ಮ್ಯಾನ್ ಕ್ಷಿಪಣಿಗಳು ಅದರ ಸುಪರ್ದಿನಲ್ಲಿ ಸುತ್ತಲಿನ ಹೊಲಗಳ ನೆಲದಡಿ ಇವೆ. ಒಮಾಹಾದ ದಕ್ಷಿಣಕ್ಕೆ 1890ರ ದಶಕದಲ್ಲಿ ಕಟ್ಟಿದ, ಕ್ರೂಕ್‌ನ ಹೆಸರಿನ ಠಾಣೆಯ ನೆಲದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಬಾಂಬರ್ ವಿಮಾನದ ಕಾರ್ಖಾನೆ ಎದ್ದಿತು. ಹಿರೋಷಿಮಾದ ಮೇಲೆ ಬಾಂಬು ಹಾಕಿದ ಎನೋಲಾ ಗೇ ತಯಾರಾದದ್ದು ಅಲ್ಲೇ. ಈಗ ಅದು ಆಫಟ್ ವಾಯುನೆಲೆ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಅಷ್ಟು ದೂರ ಕಾರು ಓಡಿಸಬೇಕಿಲ್ಲ. ಫೋರ್ಟ್ ಒಮಾಹಾ ಊರೊಳಗೇ ಇದೆ, ಈಗ ಸಮುದಾಯ ಕಾಲೇಜಿನ ಆವರಣ. 1879ರಲ್ಲಿ ಕಟ್ಟಿದ ಕ್ರೂಕ್‌ನ ಇಟ್ಟಿಗೆ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಎದುರಿಗೆ ಹಳೆಯ ಕವಾಯತು ಮೈದಾನ. ಅಲ್ಲಿಯೂ ಗೋಡೆ ಇಲ್ಲ.